ಬೆಳಗಾವಿಯಲ್ಲಿ ಓದುತ್ತಾ ಕೆಲಸ: ಪಗಾರಕ್ಕಿಂತ ಮೊದಲು ಸೂಟಿ ಕೇಳಿ

ಬಿಎ ಎರಡನೇ ವರ್ಷದಲ್ಲಿ ನಾನು ಖಡೇಬಜಾರದ ಒಂದು ಬಟ್ಟೆ ಅಂಗಡಿ ಸೇರಿದ್ದೆ. ಸಂಜೆ 4ರಿಂದ 8 ಅಂತ ಮಾತಾಗಿತ್ತು. ಗಣಪತಿ ಹಬ್ಬ ಬರುವ ಹೊತ್ತಿಗೆ 8 ಹೋಗಿ 9 ಆಯಿತು, ದೀಪಾವಳಿಗೆ ಹತ್ತೂವರೆ. ಪರೀಕ್ಷೆಗೆ ಎಂಟು ದಿನ ಸೂಟಿ ಕೇಳಿದೆ. "ಹಂಗಾದ್ರ ನಾಳಿಂದ ಬರಬ್ಯಾಡ" ಅಂದರು ಸಾವಕಾರರು. ಹದಿನೈದು ದಿನದ ಪಗಾರ ಇವತ್ತಿಗೂ ಬಂದಿಲ್ಲ, ಮೇಲೆ ಒಂದು ಪೇಪರ್ ಬೇರೆ ಹೋಯಿತು.

ಹಾಗಾಗಿ ಎಲ್ಲೇ ಕೆಲಸ ಕೇಳಿದರೂ ಮೊದಲ ಪ್ರಶ್ನೆ ಇದಿರಲಿ: ಪರೀಕ್ಷೆ ಬಂದಾಗ ಬಿಡ್ತೀರಾ? "ನೋಡೋಣ ತಗೋ" ಅಂದರೆ ಬಿಡಲ್ಲ ಅಂತಲೇ ಅರ್ಥ.

ಹೊರಡುವ ಮೊದಲು ಒಂದು ಹಾಳೆಯಲ್ಲಿ ವಾರದ ಲೆಕ್ಕ ಬರೆಯಿರಿ. ಹಾಜರಿ ಡಿಗ್ರಿಗೆ ಶೇ 75 ಬೇಕು, ವಿಟಿಯು (ಎಂಜಿನಿಯರಿಂಗ್) ಕಾಲೇಜಲ್ಲಿ ಓದುವವರಿಗೆ ಶೇ 85. ಆಮೇಲೆ ದಾರಿ. ತಿಂಗಳಿಗೆ 5,000 ಪಗಾರ, ದಿನಕ್ಕೆ 4 ಗಂಟೆ, 26 ದಿನ ಅಂದರೆ ಗಂಟೆಗೆ 48 ರೂಪಾಯಿ ಬಿತ್ತು. ಭೂತರಾಮನಹಟ್ಟಿಯ ಹಾಸ್ಟೆಲ್ಲಿಂದ ಊರೊಳಗೆ ಹೋಗಿ ಬರಲು ದಿನಾ ಒಂದೂವರೆ ಗಂಟೆ ಹಿಡಿದರೆ ಅದೇ ಪಗಾರ ಗಂಟೆಗೆ 35 ರೂಪಾಯಿ! ಹುಡುಗಿಯರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಫ್ರೀ ಇದೆ, ಹುಡುಗರ ಪಾಸು ಮನೆ-ಕಾಲೇಜು ದಾರಿಗೆ ಮಾತ್ರ, ಹಾಗಾಗಿ ಟಿಕೆಟ್ ಖರ್ಚನ್ನೂ ಕಳೆಯಿರಿ.

ನನ್ನ ಕೇಳಿದರೆ ಟ್ಯೂಷನ್ನೇ ಮೇಲು. ಇದು ನಮ್ಮೂರಿನ ವಿಶೇಷ: ಶಹಾಪುರ, ವಡಗಾವಿ, ಟಿಳಕವಾಡಿ ಕಡೆ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ನಡುವೆ ಕನ್ನಡ ವಿಷಯಕ್ಕೆ ಒದ್ದಾಡುವ ಮಕ್ಕಳು ಬೇಕಾದಷ್ಟು ಸಿಗುತ್ತಾರೆ, ನಿಮಗೆ ಸ್ವಲ್ಪ ಮರಾಠಿ ಬಂದರಂತೂ ಅವರ ಆಯಿ ನಿಮ್ಮನ್ನು ಬಿಡೋದೇ ಇಲ್ಲ. ಏಳನೇ ಕ್ಲಾಸಿನವರೆಗಿನ ಮಕ್ಕಳನ್ನು ಹಿಡಿಯಿರಿ. ಎಸ್ಸೆಸ್ಸೆಲ್ಸಿ ಮಕ್ಕಳ ಫೀ ಜಾಸ್ತಿ ನಿಜ, ಆದರೆ ಅವರ ಮಾರ್ಕ್ಸಿಗೆ ನೀವು ಉತ್ತರ ಕೊಡಬೇಕಾಗುತ್ತದೆ. ಫೀ ತಿಂಗಳ ಮೊದಲೇ ತಗೊಳ್ಳಿ, ಸಂಕೋಚ ಬೇಡ.

ಮದುವೆ ಊಟಕ್ಕೆ ಬಡಿಸುವ ಕೆಲಸವೂ ಕೆಟ್ಟದ್ದಲ್ಲ. ಮುಹೂರ್ತದ ದಿನ ಮಾತ್ರ ಹೋದರಾಯಿತು, ಊಟ ಅಲ್ಲೇ, ದುಡ್ಡು ಅವತ್ತೇ ಕೇಳಿ ತಗೊಳ್ಳಿ. ಆದರೆ ಆಷಾಢದಲ್ಲಿ ಮದುವೆಯೇ ಇಲ್ಲ, ಅದನ್ನು ನಂಬಿ ಹಾಸ್ಟೆಲ್ ಫೀ ಕಟ್ಟುತ್ತೀನಿ ಅನ್ನಬೇಡಿ.

ಡೆಲಿವರಿಗೆ 18 ತುಂಬಿರಬೇಕು, ಲೈಸನ್ಸ್ ಬೇಕು. ಪೆಟ್ರೋಲ್ ಕಳೆದು ಉಳಿದದ್ದೇ ನಿಮ್ಮ ಗಳಿಕೆ. ಜುಲೈನಲ್ಲಿ ಬೆಳಗಾವಿ ಮಳೆ ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ವಾ?

ಮೊಬೈಲಲ್ಲಿ ಬರುವ "ಮನೆಯಲ್ಲೇ ಕೂತು ಗಳಿಸಿ" ಅನ್ನೋದರಲ್ಲಿ ಮೊದಲು ನಿಮ್ಮಿಂದ ದುಡ್ಡು ಕೇಳಿದರೆ ಅಲ್ಲಿಗೇ ಬಿಡಿ. ಲೈಕ್ ಒತ್ತುವ ಕೆಲಸಕ್ಕೆ ಮೊದಲು ನೂರಿನ್ನೂರು ಹಾಕುತ್ತಾರೆ, ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಂಡು ಮಾಯ. ಇನ್ನೊಂದು ಇದಕ್ಕಿಂತ ಕೆಟ್ಟದ್ದು: "ನಿನ್ನ ಬ್ಯಾಂಕ್ ಅಕೌಂಟ್ ಬಾಡಿಗೆಗೆ ಕೊಡು, ಕಮಿಷನ್ ಕೊಡ್ತೀವಿ." ಕದ್ದ ದುಡ್ಡು ನಿಮ್ಮ ಖಾತೆಯಲ್ಲಿ ಓಡಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೇ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಂದಹಾಗೆ, ಕೆಲಸಕ್ಕೆ ಮೊದಲು ವಿದ್ಯಾಸಿರಿಗೆ ಅರ್ಜಿ ಹಾಕಿದ್ದೀರಾ? ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಸರ್ಕಾರ ಹತ್ತು ತಿಂಗಳು ದುಡ್ಡು ಕೊಡುತ್ತದೆ. ಆದಾಯದ ಮಿತಿ ಇದೆ, ನೋಡಿಕೊಳ್ಳಿ. ಸಿಕ್ಕರೆ ಮೇಲಿನ ಲೆಕ್ಕದಲ್ಲಿ ಕೆಲವು ತಿಂಗಳ ಅಂಗಡಿ ಕೆಲಸ ಉಳಿಯಿತು.

ಕೊನೆಗೆ, ಮಾತಾದ ದಿನವೇ ಮಾಲಕರಿಗೆ ಒಂದು ವಾಟ್ಸಾಪ್ ಹಾಕಿ. ಬರೆದುಕೊಡಿ ಅಂದರೆ ಸಿಟ್ಟಾಗುತ್ತಾರೆ, ಇದಕ್ಕೆ ಆಗಲ್ಲ: "ಅಣ್ಣಾರ, ಸೋಮವಾರದಿಂದ ಬರ್ತೀನ್ರಿ. 4ರಿಂದ 8, ತಿಂಗಳಿಗೆ 5,000, ಪರೀಕ್ಷಾಕ್ಕ ಹತ್ತು ದಿನ ಸೂಟಿ. ಸರಿ ಐತಲ್ರಿ?" ಅವರು ಒಂದು ಹೆಬ್ಬೆರಳು ಒತ್ತಿದರೂ ಸಾಕು. ನಾಳೆ ಜಗಳ ಬಂದರೆ ತೋರಿಸೋಕೆ ನನ್ನ ಹತ್ತಿರ ಅಷ್ಟೂ ಇರಲಿಲ್ಲ.