ಸಂವತ್ಸರ ಚಕ್ರದಂತೆ ಸುತ್ತುವ ಅರೇ: ಜಾವಾಸ್ಕ್ರಿಪ್ಟ್‌ನಲ್ಲಿ ನೆಚ್ಚಬಹುದಾದ ಇಟರೇಟರ್ ಬರೆಯುವ ಬಗೆ

ಪ್ರಭವದಿಂದ ಅಕ್ಷಯದವರೆಗಿನ 60 ಸಂವತ್ಸರಗಳ ಹೆಸರನ್ನು ಒಂದು ಅರೇಯಲ್ಲಿ, ಅಂದರೆ ಕ್ರಮಸಂಖ್ಯೆಯುಳ್ಳ ಪಟ್ಟಿಯಲ್ಲಿ, ಇಟ್ಟುಕೊಂಡು, ಯಾವ ಇಸವಿಯನ್ನು ಕೊಟ್ಟರೂ ಆ ವರ್ಷದ ಯುಗಾದಿಯಂದು ಆರಂಭವಾಗುವ ಸಂವತ್ಸರವನ್ನೂ ಅದರ ಮುಂದಿನವುಗಳನ್ನೂ ಒಂದೊಂದಾಗಿ ಕೊಡುವ ಇಟರೇಟರ್ ನಮಗೆ ಬೇಕು ಎಂದುಕೊಳ್ಳೋಣ. ಅಕ್ಷಯ ಮುಗಿದೊಡನೆ ಮತ್ತೆ ಪ್ರಭವ ಬರಬೇಕು. ಈಗ ನಡೆಯುತ್ತಿರುವ ಚಕ್ರದ ಪ್ರಭವವು 1987ರ ಯುಗಾದಿಗೆ ಆರಂಭವಾದುದರಿಂದ, ಇಸವಿಯಿಂದ 1987 ಕಳೆದು, ಬಂದದ್ದನ್ನು 60ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಇಂಡೆಕ್ಸ್, ಅಂದರೆ ಅರೇಯಲ್ಲಿ ಹೆಸರಿನ ಸ್ಥಾನ. 2025ಕ್ಕೆ 38 ಬರುತ್ತದೆ. ಸೊನ್ನೆಯಿಂದ ಎಣಿಸಿದರೆ ಅದು ವಿಶ್ವಾವಸು.

ತೊಡಕು ಇರುವುದು ಹಿಂದಿನ ವರ್ಷಗಳಲ್ಲಿ. ಕರ್ನಾಟಕದ ಏಕೀಕರಣವಾದ 1956ನ್ನು ತೆಗೆದುಕೊಂಡರೆ ಕಳೆದ ಮೇಲೆ ಬರುವುದು -31. ಪೈಥಾನ್ ಭಾಷೆಯಲ್ಲಿ ಇದರ ಶೇಷ 29 ಎಂದು ಬರುತ್ತದೆ, ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಶೇಷ ತೆಗೆಯುವ % ಚಿಹ್ನೆ ಭಾಜ್ಯದ ಋಣಚಿಹ್ನೆಯನ್ನು ಹಾಗೆಯೇ ಉಳಿಸಿಕೊಂಡು -31 ಎಂದೇ ಹಿಂತಿರುಗಿಸುತ್ತದೆ. ಅರೇಯಲ್ಲಿ ಅಂಥ ಸ್ಥಾನವೇ ಇಲ್ಲದಿದ್ದರೂ ಎರರ್ ಏಳುವುದಿಲ್ಲ, ಸದ್ದಿಲ್ಲದೆ ಅನ್‌ಡಿಫೈನ್ಡ್ (ಬೆಲೆಯೇ ಇಲ್ಲ ಎಂಬ ಗುರುತು) ಕೈಗೆ ಬರುತ್ತದೆ. ಅಪಾಯವಿರುವುದು ಈ ಮೌನದಲ್ಲೇ. ಶೇಷ ತೆಗೆಯುವ ಮೊದಲು 60 ಕೂಡಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. 1956ಕ್ಕೆ ಅದು 29ನ್ನು, ಅಂದರೆ ದುರ್ಮುಖಿಯನ್ನು, ಸರಿಯಾಗಿಯೇ ಕೊಡುತ್ತದೆ. 1926ಕ್ಕೆ ಮಾತ್ರ -61ಕ್ಕೆ 60 ಕೂಡಿ -1 ಆಗಿ ಮತ್ತೆ ಕೈಕೊಡುತ್ತದೆ. ಆದ್ದರಿಂದ ಶೇಷವನ್ನು ಎರಡು ಸಲ ತೆಗೆಯಬೇಕು (ಇಲ್ಲಿ ಸ್ಥಾನವೆಂದರೆ ಕಳೆದಾಗ ಬಂದ ಸಂಖ್ಯೆ, ಉದ್ದವೆಂದರೆ ಅರೇಯಲ್ಲಿರುವ ಹೆಸರುಗಳ ಸಂಖ್ಯೆ):

((ಸ್ಥಾನ % ಉದ್ದ) + ಉದ್ದ) % ಉದ್ದ

ಜಾವಾಸ್ಕ್ರಿಪ್ಟ್ ಕನ್ನಡ ಅಕ್ಷರಗಳ ಹೆಸರುಗಳನ್ನು ಒಪ್ಪುವುದರಿಂದ ಈ ಸಾಲನ್ನು ಹೀಗೆಯೇ ಬರೆದರೂ ನಡೆಯುತ್ತದೆ. ಇದನ್ನು ಪ್ರತ್ಯೇಕ ಫಂಕ್ಷನ್ ಆಗಿಸಿ, ಹಿಂದಕ್ಕಾಗಲಿ ಮುಂದಕ್ಕಾಗಲಿ ಹೆಜ್ಜೆ ಇಡುವಾಗಲೆಲ್ಲ ಅದೊಂದನ್ನೇ ಕರೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಇಟರೇಟರ್ ಕಟ್ಟಲು ಜಾವಾಸ್ಕ್ರಿಪ್ಟ್‌ನ 2015ರ ಆವೃತ್ತಿಯಲ್ಲಿ ಬಂದ, ಒಂದು ಬೆಲೆ ಕೊಟ್ಟು ನಿಂತು ಕೇಳಿದಾಗ ಅಲ್ಲಿಂದಲೇ ಮುಂದುವರಿಯುವ ಜನರೇಟರ್ ಫಂಕ್ಷನ್ ಹೇಳಿ ಮಾಡಿಸಿದಂತಿದೆ. ಕ್ಲಾಸ್ ಒಂದರಲ್ಲಿ ಸಿಂಬಲ್.ಇಟರೇಟರ್ ಎಂಬ ಹೆಸರಿನ ಮೆಥಡ್‌ಗೆ ನಕ್ಷತ್ರ ಚಿಹ್ನೆ ಸೇರಿಸಿ, ಅದರೊಳಗೆ ನಿಲ್ಲದ ಲೂಪ್ ಇಟ್ಟು, ಈಗಿನ ಸ್ಥಾನದ ಹೆಸರನ್ನು ಯೀಲ್ಡ್ ಮಾಡಿ (ಹೊರಗೆ ಕೊಟ್ಟು), ಸ್ಥಾನವನ್ನು ಒಂದು ಹೆಚ್ಚಿಸಿ ಮೇಲಿನ ಸೂತ್ರಕ್ಕೆ ಒಪ್ಪಿಸಬೇಕು. ಸ್ಥಾನವನ್ನು ಆಬ್ಜೆಕ್ಟ್‌ನಲ್ಲಿ ಇಡದೆ ಈ ಮೆಥಡ್‌ನ ಒಳಗಿನ ವೇರಿಯಬಲ್ ಆಗಿಯೇ ಇಡಬೇಕು. ಹಾಗೆ ಮಾಡಿದರೆ ಒಂದು ಲೂಪ್‌ನ ಒಳಗೆ ಇನ್ನೊಂದು ಲೂಪ್ ಅದೇ ಚಕ್ರವನ್ನು ಸುತ್ತಿದರೂ ಒಂದರ ಎಣಿಕೆಯನ್ನು ಇನ್ನೊಂದು ಕೆಡಿಸುವುದಿಲ್ಲ. ಬ್ರೇಕ್ ಮಾಡಿ ಹೊರಬಂದ ಜನರೇಟರ್ ಮುಚ್ಚಿಹೋಗುತ್ತದೆ. ಆದರೆ ಪ್ರತಿ ಫಾರ್-ಆಫ್ ಲೂಪ್‌ಗೂ ಹೊಸದೊಂದು ಹುಟ್ಟುವುದರಿಂದ ಆ ಚಿಂತೆಯೂ ಇರುವುದಿಲ್ಲ.

ಖಾಲಿ ಅರೇಯನ್ನು ಮರೆಯಬಾರದು. ಉದ್ದ ಸೊನ್ನೆಯಾದರೆ % ಕೊಡುವುದು ನ್ಯಾನ್ (ಸಂಖ್ಯೆಯಲ್ಲ ಎಂಬ ಗುರುತು), ಆಮೇಲೆ ಕೊನೆಯಿಲ್ಲದಷ್ಟು ಅನ್‌ಡಿಫೈನ್ಡ್. ನಿಲ್ಲದ ಲೂಪ್‌ನಲ್ಲಿ ಇಡೀ ಅರೇಯ ಹೆಸರುಗಳನ್ನು ಒಂದೊಂದಾಗಿ ಕೊಡುವ ನಕ್ಷತ್ರದ ಯೀಲ್ಡ್‌ಗೆ (yield*) ಒಪ್ಪಿಸುವ ಚಿಕ್ಕ ದಾರಿಯಲ್ಲಂತೂ ಮುಂದಿನದನ್ನು ಕೇಳುವ ಮೊದಲ ನೆಕ್ಸ್ಟ್ ಕರೆಯೇ ಹಿಂತಿರುಗದೆ ಬ್ರೌಸರ್ ಟ್ಯಾಬ್ ಸ್ತಬ್ಧವಾಗುತ್ತದೆ. ಆದಕಾರಣ ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್ಸ್ಟ್ರಕ್ಟರ್‌ನಲ್ಲಿಯೇ ಉದ್ದವನ್ನು ಪರೀಕ್ಷಿಸಿ ಎರರ್ ಎಸೆಯುವುದು ಲೇಸು. ಆರಂಭದ ಸ್ಥಾನ ಪೂರ್ಣಾಂಕವೇ ಎಂಬುದನ್ನೂ ಅಲ್ಲಿಯೇ ನೋಡಬೇಕು, ಏಕೆಂದರೆ ಫಾರ್ಮ್‌ನಿಂದ ಪಠ್ಯವಾಗಿ ಬಂದ "5"ಕ್ಕೆ 1 ಕೂಡಿಸಿದರೆ 6ರ ಬದಲು "51" ಆಗುತ್ತದೆ.

ಸಂವತ್ಸರಗಳ ಪಟ್ಟಿ ಬದಲಾಗುವುದಿಲ್ಲ, ಹಾಡುಗಳ ಪಟ್ಟಿಯಾದರೆ ಬದಲಾಗುತ್ತದೆ. ಸುತ್ತುತ್ತಿರುವಾಗಲೇ ಯಾರಾದರೂ ಅರೇಯಿಂದ ಒಂದನ್ನು ತೆಗೆದರೆ ಸ್ಥಾನಗಳು ಸರಿದು ಒಂದು ಹಾಡು ತಪ್ಪಿಹೋಗಬಹುದು. ಕನ್ಸ್ಟ್ರಕ್ಟರ್‌ನಲ್ಲಿ ಸ್ಲೈಸ್ ಬಳಸಿ ಪ್ರತಿ ತೆಗೆದಿಟ್ಟುಕೊಳ್ಳುವುದನ್ನೇ ನಾನು ಆರಿಸಿಕೊಳ್ಳುತ್ತೇನೆ.

ಈ ಇಟರೇಟರ್‌ಗೆ ಕೊನೆಯಿಲ್ಲವಾದ್ದರಿಂದ ಎಲ್ಲವನ್ನೂ ಒಮ್ಮೆಗೇ ಅರೇಯಾಗಿಸುವ ಮೂರು ಚುಕ್ಕಿಗಳ ಸ್ಪ್ರೆಡ್‌ಗಾಗಲಿ ಅರೇ.ಫ್ರಮ್‌ಗಾಗಲಿ ಅದನ್ನು ನೇರವಾಗಿ ಕೊಡಬಾರದು. ಕೊಟ್ಟರೆ ಮೆಮೊರಿ ತುಂಬುವವರೆಗೆ ಓಡುತ್ತದೆ. 2025ರ ಆವೃತ್ತಿಯ ಟೇಕ್ ಮೆಥಡ್ ಇರುವಲ್ಲಿ ಬೇಕಾದಷ್ಟನ್ನು ಅದರಿಂದ ಪಡೆಯಬಹುದು, ಇಲ್ಲದಿದ್ದರೆ ಎಣಿಸಿ ಬ್ರೇಕ್ ಮಾಡಬೇಕು.

ಬರೆದಾದ ಮೇಲೆ 1987 ಮತ್ತು 2047ಕ್ಕೆ ಪ್ರಭವ, 1986 ಮತ್ತು 1926ಕ್ಕೆ ಅಕ್ಷಯ ಬರುತ್ತದೆಯೇ, 1986ರಿಂದ ಹೊರಟರೆ ಎರಡನೆಯದು ಪ್ರಭವವೇ ಎಂದು ಪರೀಕ್ಷಿಸಿ. ಜನವರಿಯಿಂದ ಯುಗಾದಿಯವರೆಗಿನ ದಿನಗಳು ಹಿಂದಿನ ಸಂವತ್ಸರಕ್ಕೆ ಸೇರುತ್ತವೆ. ಅದಕ್ಕಾಗಿ ಇಸವಿಯಿಂದ 1 ಕಳೆಯುವ ಕೆಲಸವನ್ನು ಇಟರೇಟರ್‌ನೊಳಗೆ ತುರುಕದೆ ಅದನ್ನು ಕರೆಯುವ ಕೋಡ್‌ಗೇ ಬಿಡಬೇಕು.