ಕಷಾಯ ಕುಡಿಯಿರಿ, ಕ್ಯಾಲೆಂಡರ್ ಮೇಲೆ ಗುರುತೂ ಹಾಕಿ

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಯಾರಾದರೂ ಎರಡು ಸಲ ಸೀನಿದರೆ ಸಾಕು, ಒಲೆ ಮೇಲೆ ಪಾತ್ರೆ ಏರುತ್ತದೆ. ಮೆಣಸು, ಹಸಿಶುಂಠಿ, ನಾಲ್ಕು ತುಳಸಿ ಎಲೆ, ಚಿಟಿಕೆ ಅಜವಾನ, ಮಹಾಲಿಂಗಪುರದ ಬೆಲ್ಲದ ಒಂದು ಚೂರು. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಅವ್ವ ಅಲ್ಲಿಂದ ಕದಲುವುದಿಲ್ಲ. ನಾನೂ ಕುಡಿಯುತ್ತೇನೆ. ಬಿಸಿಬಿಸಿ ಗಂಟಲಿಗೆ ಇಳಿದರೆ ಹಿತವಾಗುತ್ತದೆ. ಆದರೆ "ನೋಡು, ನನ್ನ ಕಷಾಯಕ್ಕೇ ನೆಗಡಿ ಹೋಯಿತು" ಅಂತ ಅವಳು ಅಂದಾಗ ಸುಮ್ನೆ ಕೂರಲು ಆಗುವುದಿಲ್ಲ. ನೆಗಡಿ ಹೋಗಿದ್ದು ಕಷಾಯಕ್ಕೋ, ತನ್ನ ಪಾಡಿಗೆ ತಾನೋ? ಇದನ್ನು ತಿಳಿಯಲು ಒಂದು ದಾರಿ ಇದೆ. ಬೇಕಾದದ್ದು ಒಂದು ಪೆನ್ಸಿಲ್ ಮತ್ತು ಅಡುಗೆಮನೆಯ ಕ್ಯಾಲೆಂಡರ್.

ಮೊದಲು ದಿನ ಎಣಿಸಿ

ಮೂಗು ಸೋರಲು ಶುರುವಾದ ದಿನ ಒಂದು ಚುಕ್ಕೆ ಇಡಿ. ಸಾಮಾನ್ಯ ನೆಗಡಿ ವೈರಸ್‌ನಿಂದ ಬರುತ್ತದೆ, ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನದಲ್ಲಿ ಹೋಗುತ್ತದೆ. ಎರಡನೇ, ಮೂರನೇ ದಿನ ಅದರ ಜೋರು ಜಾಸ್ತಿ. ನಾವು ಮದ್ದು ಹುಡುಕಿಕೊಂಡು ಹೋಗುವುದೂ ಆಗಲೇ ಅಲ್ವಾ? ಅಲ್ಲಿಂದ ಮುಂದೆ ಅದು ಇಳಿಯಲೇಬೇಕು. ಆ ಹೊತ್ತಿಗೆ ಕೈಯಲ್ಲಿ ಯಾವ ಲೋಟ ಇತ್ತೋ ಅದಕ್ಕೆ ಹೆಸರು ಬರುತ್ತದೆ.

ನಮ್ಮ ಕಡೆ ಕಾಮಣಿಗೆ (ಜಾಂಡೀಸ್) ಸೊಪ್ಪಿನ ಮದ್ದು ಕೊಡುವವರು ಹೆಸರು ಮಾಡಿದ್ದೂ ಹೀಗೆಯೇ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮೂರು ದಿನ ರಸ, ಎಣ್ಣೆ ಬೇಡ, ಖಾರ ಬೇಡ. ಕಾಮಣಿ ತರುವ, ಕಲುಷಿತ ನೀರಿನಿಂದ ಬರುವ ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಅದಕ್ಕೇ ಹತ್ತರಲ್ಲಿ ಒಂಬತ್ತು ಮಂದಿ "ನನಗೆ ಗುಣವಾಯಿತು" ಅಂತ ಹೇಳಿದರೆ ಅದು ಸುಳ್ಳಲ್ಲ. ಸುಳ್ಳಾಗುವುದು ಹತ್ತನೆಯವರ ಪಾಲಿಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೂ ಕಣ್ಣು ಹಳದಿಯಾಗುತ್ತದೆ. ಗರ್ಭಿಣಿಗೆ ಹೆಪಟೈಟಿಸ್ ಇ ಬಂದರೆ ಜೀವಕ್ಕೇ ಅಪಾಯ. ಹೊರಗಿನಿಂದ ನೋಡಿದರೆ ಎಲ್ಲವೂ ಕಾಮಣಿಯೇ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಬರೆ ಹಾಕುವವರ ಹತ್ತಿರವಂತೂ ಹೋಗಲೇಬೇಡಿ.

"ಕುಡಿಯದವರ ಕತೆ ಏನು?" ಅಂತ ಕೇಳಿ

ವಾಟ್ಸಾಪ್‌ನಲ್ಲಿ ಬರುವ ಮದ್ದಿನ ಸಂದೇಶದಲ್ಲಿ ಕುಡಿದವರ ಮಾತಷ್ಟೇ ಇರುತ್ತದೆ. ಕುಡಿಯದವರು ಏನಾದರು ಅಂತ ಗೊತ್ತಾಗದೆ ಪುರಾವೆ ಪೂರ್ತಿಯಾಗುವುದಿಲ್ಲ. ಹೋಲಿಸುವುದು ಹೇಗೆ ಅನ್ನುವುದಕ್ಕೆ ಪಕ್ಕದ ಬೆಳಗಾವಿಯ ಉದಾಹರಣೆಯೇ ಇದೆ. ಹೆರಿಗೆ ನೋವು ಶುರುವಾದಾಗ ಅಜಿತ್ರೋಮೈಸಿನ್ ಅನ್ನುವ ಆಂಟಿಬಯಾಟಿಕ್ ಒಂದೇ ಒಂದು ಸಲ ಕೊಟ್ಟರೆ ತಾಯಿಗೆ ಸೋಂಕು ತಪ್ಪುತ್ತದೆಯೇ ಅಂತ ಏಳು ದೇಶಗಳಲ್ಲಿ ಪರೀಕ್ಷೆ ನಡೆಯಿತು. ಭಾರತದಲ್ಲಿ ಅದು ನಡೆದದ್ದು ಬೆಳಗಾವಿ ಮತ್ತು ನಾಗಪುರದಲ್ಲಿ. ಒಟ್ಟು 29 ಸಾವಿರಕ್ಕೂ ಹೆಚ್ಚು ತಾಯಂದಿರಿದ್ದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ನೋಡಲು ಹಾಗೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ಅದೃಷ್ಟಕ್ಕೆ ಬಿಟ್ಟಿದ್ದರು. 2023ರಲ್ಲಿ ಫಲಿತಾಂಶ ಬಂತು. ತೀವ್ರ ಸೋಂಕು ಅಥವಾ ಸಾವು ಖಾಲಿ ಗುಳಿಗೆಯವರಲ್ಲಿ ಶೇ. 2.4, ಔಷಧದವರಲ್ಲಿ ಶೇ. 1.6. ಶಿಶುಗಳಿಗೆ ಮಾತ್ರ ಲಾಭ ಕಾಣಲಿಲ್ಲ. ಅದನ್ನೂ ಮುಚ್ಚಿಡದೆ ಬರೆದರು.

ಇದೇ ಜರಡಿ ಹಿಡಿದು ಅಡುಗೆಮನೆಗೆ ಬನ್ನಿ.

ಜೇನುತುಪ್ಪ ಪಾಸಾಗುತ್ತದೆ. ಮಕ್ಕಳ ಕೆಮ್ಮಿನ ಬಗ್ಗೆ ನಡೆದ ಆರು ಅಧ್ಯಯನಗಳನ್ನು, ಅಂದರೆ 899 ಮಕ್ಕಳ ಲೆಕ್ಕವನ್ನು, 2018ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ ಏನೂ ಕೊಡದಿರುವುದಕ್ಕಿಂತ ಜೇನು ವಾಸಿ ಅಂತ ಕಂಡಿತು. ರಾತ್ರಿ ಮಲಗುವಾಗ ಅರ್ಧ ಚಮಚ ಸಾಕು. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ನೆಕ್ಕಿಸಲೂ ಬೇಡಿ. ಬೊಟುಲಿಸಂ ಅನ್ನುವ ವಿಷಬಾಧೆಯ ಭಯವಿದೆ.

ಬಾಯಿ ಮುಕ್ಕಳಿಸುವುದರ ಕತೆ ನನಗೆ ತುಂಬಾ ಇಷ್ಟ. 2005ರಲ್ಲಿ ಜಪಾನಿನಲ್ಲಿ 387 ಆರೋಗ್ಯವಂತರ ಮೇಲೆ ಪರೀಕ್ಷೆ ಮಾಡಿದರು. ಕೆಲವರು ಬರೀ ನೀರಿನಿಂದ, ಕೆಲವರು ಅಯೋಡಿನ್ ಔಷಧದಿಂದ ಗಂಟಲು ಗಳಗಳ ಮಾಡಬೇಕು, ಉಳಿದವರು ತಮ್ಮ ರೂಢಿಯಂತೆ ಇರಬೇಕು. ನೆಗಡಿ ಕಡಿಮೆ ಬಂದದ್ದು ಬರೀ ನೀರಿನವರಿಗೆ! ಔಷಧದವರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ.

ಬಳ್ಳೊಳ್ಳಿ ಅರ್ಧ ಪಾಸು. 146 ಜನರ ಒಂದು ಪರೀಕ್ಷೆಯಲ್ಲಿ ಹನ್ನೆರಡು ವಾರ ಬಳ್ಳೊಳ್ಳಿ ಗುಳಿಗೆ ನುಂಗಿದವರಿಗೆ 24 ಸಲ ನೆಗಡಿ ಬಂತು, ಖಾಲಿ ಗುಳಿಗೆಯವರಿಗೆ 65 ಸಲ. ಅಂಕಿ ಚೆನ್ನಾಗಿಯೇ ಇದೆ. ಆದರೆ ಒಂದೇ ಪರೀಕ್ಷೆ, ಅದೂ ಸಣ್ಣದು. ಒಂದೇ ಮಳೆಗೆ ಬಿತ್ತಿದ ಹಾಗೆ.

ಪ್ರಮಾಣ ನೋಡಿ

ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ನಮ್ಮ ಹೆಮ್ಮೆ, ಒಪ್ಪಿದೆ. ಆದರೆ ವಿಟಮಿನ್ ಸಿ ಪರೀಕ್ಷೆಗಳಲ್ಲಿ ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಕೊಟ್ಟಿದ್ದರು. ಒಂದು ಲಿಂಬೆಯ ರಸದಲ್ಲಿ ಸಿಗುವುದು ಹತ್ತು ಹದಿನೈದು ಮಿಲಿಗ್ರಾಂ. 200 ಮಿಲಿಗ್ರಾಂ ತಗೊಂಡರೂ ನೆಗಡಿ ಬರುವುದೇನೂ ನಿಲ್ಲಲಿಲ್ಲ. ದಿನವೂ ತಗೊಂಡ ದೊಡ್ಡವರಲ್ಲಿ ನೆಗಡಿಯ ಅವಧಿ ಶೇ. 8ರಷ್ಟು ಕಡಿಮೆಯಾಯಿತು, ಅಂದರೆ ಹೆಚ್ಚೆಂದರೆ ಅರ್ಧ-ಮುಕ್ಕಾಲು ದಿನ. ಮೂಗು ಸೋರಿದ ಮೇಲೆ ಶುರು ಮಾಡಿದವರಿಗೆ ಅದೂ ಸಿಗಲಿಲ್ಲ. ಶರಬತ್ತು ರುಚಿಗೆ ಕುಡಿಯಿರಿ.

ಅರಿಶಿಣದ ಮಾತು ಬಂದರೆ ಎಲ್ಲರೂ ಪೇಟೆಂಟ್ ಕತೆ ತೆಗೆಯುತ್ತಾರೆ. 1995ರಲ್ಲಿ ಅಮೆರಿಕದಲ್ಲಿ ಗಾಯಕ್ಕೆ ಅರಿಶಿಣ ಹಚ್ಚುವುದಕ್ಕೆ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಅಲ್ಲಿ ಗೆದ್ದದ್ದು "ಇದು ನಮಗೆ ಮೊದಲೇ ಗೊತ್ತಿತ್ತು" ಅನ್ನುವ ವಾದ. "ಇದು ಕೆಲಸ ಮಾಡುತ್ತದೆ" ಅನ್ನುವುದು ಬೇರೆಯೇ ಪ್ರಶ್ನೆ. ಅರಿಶಿಣದಲ್ಲಿರುವ ಮುಖ್ಯ ಸತ್ವ ಕರ್ಕ್ಯುಮಿನ್ ಶೇ. 3ರ ಆಸುಪಾಸು. ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ.

ಹಾಗಂತ ಗಿಡಮೂಲಿಕೆ ಎಲ್ಲ ಸುಳ್ಳು ಅನ್ನಬೇಡಿ. ಮಲೇರಿಯಾಕ್ಕೆ ಈಗ ಕೊಡುವ ಆರ್ಟೆಮಿಸಿನಿನ್ ಬಂದದ್ದು ಚೀನಾದ ಒಂದು ಗಿಡದಿಂದ. ಕುದಿಸಿದರೆ ಅದರ ಸತ್ವ ಹಾಳಾಗುತ್ತಿತ್ತು. ಗಿಡವನ್ನು ನೀರಲ್ಲಿ ನೆನೆಸಿ ಹಿಂಡಬೇಕು ಅಂತ ಹಳೆಯ ಗ್ರಂಥದಲ್ಲಿದ್ದ ಒಂದು ಸಾಲು ಓದಿ ಚೀನಾದ ವಿಜ್ಞಾನಿ ತು ಯೂಯೂ ದಾರಿ ಬದಲಿಸಿದರು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಸಾಂಪ್ರದಾಯಿಕ ಮದ್ದಿನ ಸಂಶೋಧನೆಗೆಂದೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆಯೊಂದು ಬೆಳಗಾವಿಯ ನೆಹರು ನಗರದಲ್ಲೂ ಇದೆ.

ಅಪಾಯ ತೂಗಿ

ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದು ಮೊಣಕಾಲು ತರಚಿತು. ಅರಿಶಿಣ ಮೆತ್ತಿ ಬಟ್ಟೆ ಕಟ್ಟಿದೆ. ನಾಲ್ಕನೇ ದಿನ ಕಾಲು ಮಡಚಲು ಬರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಹಳದಿ ಹಕ್ಕಳೆಯನ್ನು ಸಲೈನ್ ಹಾಕಿ ನೆನೆಸಿ ನೆನೆಸಿ ಕಿತ್ತರು. ಟ್ರೇ ತುಂಬ ಅರಿಶಿಣದ ನೀರು, ಅದರ ತಳದಲ್ಲಿ ರಸ್ತೆಯ ಮರಳು. ತೊಳೆಯದೆ ಮುಚ್ಚಿದ್ದೇ ತಪ್ಪಾಗಿತ್ತು. ಗಾಯಕ್ಕೆ ಮೊದಲ ಮದ್ದು ಧಾರೆಯಾಗಿ ಬಿಡುವ ಶುದ್ಧ ನೀರು ಮತ್ತು ಸೋಪು, ಆಮೇಲೆ ಬೇಕಿದ್ದರೆ ಧನುರ್ವಾಯು ತಡೆಯುವ ಸೂಜಿ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ತಗೊಂಡ ಕೆಲವರಿಗೆ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ವಾದ ನಡೆಯಿತು. ಯಕೃತ್ತಿನ ತೊಂದರೆ ಇರುವವರು ದೂರ ಇರುವುದು ವಾಸಿ. ಕೂಸಿಗೆ ಬೇವಿನ ಎಣ್ಣೆ ಕುಡಿಸಬೇಡಿ, ಅದು ಮಿದುಳಿಗೇ ಏರುತ್ತದೆ. ಮಕ್ಕಳ ಮುಂದೆ ಕುದಿಯುವ ನೀರಿಟ್ಟು ಹಬೆ ಕೊಡುವುದೂ ಬೇಡ. ಪಾತ್ರೆ ಮಗುಚಿದರೆ ನೆಗಡಿಗಿಂತ ದೊಡ್ಡ ಕಷ್ಟ.

ಮನೆಮದ್ದು ನಿಲ್ಲಿಸುವ ದಿನ

ನಾಯಿ ಕಚ್ಚಿದರೆ ಖಾರಪುಡಿ, ಸುಣ್ಣ ಏನೂ ಹಚ್ಚಬೇಡಿ. ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಭೇದಿಗೆ ಓಆರ್‌ಎಸ್ ಕೊಡಿ. ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡನ್ನೂ ತಲೆಸವರಿ ಅಳೆದು ಹಾಕಿ. ಇದಕ್ಕಿಂತ ಗಟ್ಟಿ ಪುರಾವೆ ಇರುವ ಮನೆಮದ್ದು ನನಗಂತೂ ಗೊತ್ತಿಲ್ಲ. ಜ್ವರ ಮೂರು ದಿನ ದಾಟಿದರೆ, ಉಸಿರು ಎಳೆದುಕೊಂಡರೆ, ಮಗು ಮಂಕಾಗಿ ಹಾಲು ಬಿಟ್ಟರೆ ಕಷಾಯದ ಪಾತ್ರೆ ಕೆಳಗಿಳಿಸಿ ಡಾಕ್ಟರ್ ಹತ್ತಿರ ಹೋಗಿ.

ಕೆಮ್ಮಿಗೆ ಗಡುವು ಎರಡು ವಾರ. ಆಮೇಲೆ ಕ್ಷಯ ಇದೆಯೇ ಅಂತ ಕಫ ಪರೀಕ್ಷೆ ಆಗಲೇಬೇಕು, ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡು ಕೊಡಬೇಕಿಲ್ಲ. ಪಕ್ಕದ ಮನೆಯ ಅಜ್ಜ ಕೆಮ್ಮುವುದನ್ನು ಗೋಡೆಯಾಚೆಯಿಂದ ಕೇಳಿಸಿಕೊಂಡು ಅವ್ವ ಹೋದ ತಿಂಗಳು ನಮ್ಮ ಕ್ಯಾಲೆಂಡರ್ ಮೇಲೇ ಚುಕ್ಕೆ ಇಡುತ್ತಿದ್ದಳು. ಹದಿನಾಲ್ಕನೇ ಚುಕ್ಕೆಗೆ ಸುತ್ತು ಹಾಕಿ, ಕಷಾಯದ ಲೋಟ ಅಲ್ಲೇ ಬಿಟ್ಟು, ಅಜ್ಜನನ್ನು ಕರೆದುಕೊಂಡು ಆಟೋ ಹತ್ತಿದಳು.