ಹುಡುಗರು ಸೇವೆಗೆ ಬರಲ್ಲ ಅನ್ನುವ ಮೊದಲು

ಈಗಿನ ಹುಡುಗರಿಗೆ ಮೊಬೈಲ್ ಒಂದಿದ್ದರೆ ಸಾಕು, ಸೇವೆಗೀವೆ ಎಲ್ಲ ಬೇಡ ಎಂದು ನಾನೂ ಗೊಣಗಿದವನೇ. ಒಮ್ಮೆ ವಾಟ್ಸಾಪ್ ಗ್ರೂಪಿನಲ್ಲಿ ‘ಭಾನುವಾರ ಸ್ವಚ್ಛತಾ ಕೆಲಸ, ಎಲ್ಲರೂ ಬನ್ನಿ’ ಎಂದು ಹಾಕಿದೆ. ನಲವತ್ತು ಜನ ಹೆಬ್ಬೆಟ್ಟು ಒತ್ತಿದರು. ಬಂದವರು ಮೂವರು, ಅದರಲ್ಲಿ ಒಬ್ಬಳು ನನ್ನ ಮಗಳು. ತಪ್ಪು ನಾನು ಕರೆದ ರೀತಿಯಲ್ಲಿತ್ತು ಎಂದು ತಿಳಿಯುವ ಹೊತ್ತಿಗೆ ಎಷ್ಟೋ ಭಾನುವಾರಗಳು ಕಳೆದಿದ್ದವು.

ಹೆಸರು ಹಿಡಿದು ಕರೆಯಿರಿ

ಎಲ್ಲಕ್ಕಿಂತ ಮೊದಲ ಕೆಲಸ ಇದು. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಇಂಟರ್‌ಕಾಮಿನಲ್ಲಿ ಒಬ್ಬನಿಗೆ ಫಿಟ್ಸ್ ಬಂದಂತಹ ದನಿ ಕೇಳಿಸಿದ್ದರು. ಕೇಳುತ್ತಿರುವುದು ತಾನೊಬ್ಬನೇ ಅಂದುಕೊಂಡವರಲ್ಲಿ ಶೇ 85ರಷ್ಟು ಜನ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು ಶೇ 31 ಮಾತ್ರ. ಜೀವದ ಪ್ರಶ್ನೆ ಇದ್ದಾಗಲೇ ಹೀಗೆ. ಇನ್ನು ಕಸ ಗುಡಿಸಲು ‘ಎಲ್ಲರೂ’ ಬರುತ್ತಾರಾ? ‘ನಿನ್ನ ಅಕ್ಷರ ಚೆನ್ನಾಗಿದೆ, ಬೋರ್ಡ್ ಬರೆದುಕೊಡ್ತೀಯಾ?’ ಎಂದು ಒಬ್ಬಳನ್ನೇ ಕೇಳಿ ನೋಡಿ. ಇಲ್ಲ ಅನ್ನಬಹುದು, ಆದರೆ ಸುಮ್ನೆ ಹೆಬ್ಬೆಟ್ಟು ಒತ್ತಿ ಜಾರಿಕೊಳ್ಳಲು ಆಗಲ್ಲ.

ಕೆಲಸಕ್ಕೊಂದು ಕೊನೆ ಇರಲಿ

‘ಸಮಾಜಕ್ಕೆ ಏನಾದರೂ ಮಾಡೋಣ’ ಅನ್ನುವುದು ಕೆಲಸವಲ್ಲ, ಭಾಷಣ. ‘ಶನಿವಾರ 10ರಿಂದ 12, ಗ್ರಂಥಾಲಯದ 200 ಪುಸ್ತಕಗಳಿಗೆ ನಂಬರ್ ಅಂಟಿಸಬೇಕು’ ಅನ್ನುವುದು ಕೆಲಸ. ಹನ್ನೆರಡಕ್ಕೆ ಮುಗಿಸಿ ಕಳಿಸಿಬಿಡಿ. ‘ಇನ್ನೊಂದು ಅರ್ಧ ಗಂಟೆ ಅಷ್ಟೇ’ ಅಂದಿರೋ, ಮುಂದಿನ ಶನಿವಾರ ಅವರಿಗೆ ಜ್ವರ.

ಮೊಬೈಲನ್ನು ಬೈಯಬೇಡಿ

ಬೇಕಿದ್ದರೆ ಕೆಲಸವನ್ನು ಅದರೊಳಗೇ ಕೊಡಿ. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಜಗತ್ತಿನ ಬೇರೆ ಬೇರೆ ಕಡೆಯ ಸ್ವಯಂಸೇವಕರು ತಮ್ಮ ಮನೆಯಲ್ಲೇ ಕೂತು, ಉಪಗ್ರಹದ ಚಿತ್ರ ನೋಡಿ, ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಅಲ್ಲಿನ ರಸ್ತೆಗಳನ್ನು ಬರೆದರು. ರಕ್ಷಣಾ ತಂಡಗಳು ಆ ನಕ್ಷೆ ಹಿಡಿದು ಓಡಾಡಿದವು. 2015ರಲ್ಲಿ ಬಂದ ‘ಬಿ ಮೈ ಐಸ್’ ಆ್ಯಪ್‌ನಲ್ಲಿ ಕಣ್ಣು ಕಾಣದವರು ವಿಡಿಯೋ ಕಾಲ್ ಮಾಡಿ, ಮಾತ್ರೆ ಡಬ್ಬಿಯ ಮೇಲಿನ ತಾರೀಖು ಓದಿ ಹೇಳಿ ಎಂದು ಕೇಳಬಹುದು. ಎರಡು ನಿಮಿಷದ ಕೆಲಸ. ನಾಚಿಕೆ ಸ್ವಭಾವದ ಹುಡುಗರಿಗೆ ಇದು ಒಳ್ಳೆಯ ಶುರು.

ಸರ್ಟಿಫಿಕೇಟ್ ಆಸೆ ತೋರಿಸಬೇಡಿ

ಇಲ್ಲಿ ನನ್ನ ಜೊತೆ ಜಗಳಕ್ಕೆ ಬರುವವರು ಜಾಸ್ತಿ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ‘ಬರೆದರೆ ಬಹುಮಾನ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ನೋಡಿದರೆ, ಆ ಮಕ್ಕಳಿಗೆ ಚಿತ್ರದ ಮೇಲಿನ ಆಸಕ್ತಿಯೇ ಇಳಿದಿತ್ತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಆದ್ದರಿಂದ ಸರ್ಟಿಫಿಕೇಟ್ ಕೊಡಿ, ಬೇಡ ಅನ್ನಲ್ಲ. ಉದ್ಯೋಗಕ್ಕೆ ಬೇಕಾಗುತ್ತದೆ ಅಲ್ವಾ? ಆದರೆ ಅದನ್ನೇ ಗಾಳಕ್ಕೆ ಸಿಕ್ಕಿಸಬೇಡಿ. ಅದರ ಬದಲು ಅವರು ಯಾಕೆ ಬಂದರು ಎಂದು ಕೇಳಿ. ಒಬ್ಬನಿಗೆ ಗೆಳೆಯರು ಬೇಕು, ಇನ್ನೊಬ್ಬಳಿಗೆ ಏನಾದರೂ ಕಲಿಯಬೇಕು, ಮತ್ತೊಬ್ಬನಿಗೆ ಮನೆಯಿಂದ ಎರಡು ಗಂಟೆ ಹೊರಗಿದ್ದರೆ ಸಾಕು. ಮೂರೂ ಸರಿಯಾದ ಕಾರಣಗಳೇ.

ಹದಿನೆಂಟು ತುಂಬದವರಾದರೆ ಮನೆಯವರ ಒಪ್ಪಿಗೆ ಪಡೆಯಿರಿ. ಯಾರನ್ನೂ ಒಂಟಿಯಾಗಿ ಕಳಿಸಬೇಡಿ. ಇದಕ್ಕೆ ಚರ್ಚೆ ಬೇಕಿಲ್ಲ.

ಮುಗಿದ ಮೇಲೆ ಏನಾಯಿತು ಹೇಳಿ

ಹೆಚ್ಚಿನವರು ಮರೆಯುವುದು ಇದನ್ನೇ. ‘ನೀವು ನಂಬರ್ ಅಂಟಿಸಿದ ಪುಸ್ತಕಗಳಲ್ಲಿ ಮೂವತ್ತು ಈ ವಾರವೇ ಹೊರಗೆ ಹೋದವು’ ಎಂದು ಒಂದು ಸಾಲಿನ ಮೆಸೇಜ್ ಹಾಕಿ. ಗುಂಪು ಫೋಟೊಗಿಂತ ಇದು ಮೇಲು.

ಮುಂದಿನ ಸಲದ ಕರೆಯನ್ನು ಅವರೇ ಬರೆಯಲಿ. ನಮ್ಮಲ್ಲಿ ಅದನ್ನು ಮಗಳಿಗೆ ಬಿಟ್ಟೆ. ಅವಳ ಮೆಸೇಜಿನಲ್ಲಿ ‘ಎಲ್ಲರೂ’ ಎಂಬ ಪದ ಇರಲಿಲ್ಲ. ಏಳು ಹೆಸರು, ಪಕ್ಕದಲ್ಲಿ ಏಳು ಕೆಲಸ. ನನ್ನ ಹೆಸರಿನ ಮುಂದೆ ‘ಅಪ್ಪ: ಪೊರಕೆ ತರುವುದು, ಭಾಷಣ ಬೇಡ’ ಎಂದಿತ್ತು.